ಸಾಕ್ಷಿಯ ಮಾತು, ಗುಮಾಸ್ತನ ಬರಹ: ಗಾಂಧೀಜಿ ಕೊಲೆ ಮೊಕದ್ದಮೆಯ ಕಾಗದಪತ್ರಗಳನ್ನು ಓದುತ್ತ

1948ರ ಜನವರಿ 30ರ ಸಂಜೆ ದೆಹಲಿಯ ತುಘಲಕ್ ರಸ್ತೆಯ ಪೊಲೀಸ್ ಠಾಣೆಯಲ್ಲಿ ಉರ್ದುವಿನಲ್ಲಿ ಬರೆದುಕೊಂಡ ಒಂದು ಪ್ರಥಮ ವರ್ತಮಾನ ವರದಿಯುಂಟು. ಅದರ ಕ್ರಮಾಂಕ 68. ಅಂದು ಬಿರ್ಲಾ ಭವನದ ಪ್ರಾರ್ಥನೆಗೆ ಬಂದಿದ್ದ, ಕನಾಟ್ ಸರ್ಕಸ್ಸಿನ ನಿವಾಸಿ ನಂದಲಾಲ್ ಮೆಹ್ತಾ ಎಂಬವರು ತಾವು ಕಂಡದ್ದನ್ನು ಹೇಳಿದರು, ಪೊಲೀಸರು ಬರೆದುಕೊಂಡರು. ಮಹಾತ್ಮರು ಇಬ್ಬರು ಹುಡುಗಿಯರ ಹೆಗಲ ಮೇಲೆ ಕೈಯಿಟ್ಟು ನಡೆದದ್ದು, ಮೆಟ್ಟಿಲು ಹತ್ತಿದ್ದು, ಜನ ಎರಡೂ ಕಡೆ ಸರಿದು ಮೂರು ಅಡಿಯಷ್ಟು ದಾರಿ ಬಿಟ್ಟದ್ದು, ಆರೇಳು ಹೆಜ್ಜೆ ಹೋಗುವಷ್ಟರಲ್ಲಿ ಒಬ್ಬನು ಎರಡು ಮೂರು ಅಡಿ ದೂರದಿಂದ ಮೂರು ಗುಂಡು ಹಾರಿಸಿದ್ದು, ಎಲ್ಲವೂ ಅದರಲ್ಲಿದೆ. ಮುಕ್ಕಾಲು ಪುಟದ ಬರಹ. ಅಳುವಿಲ್ಲ, ವಿಶೇಷಣವಿಲ್ಲ.

ಈಗ ಪ್ರಚಾರದಲ್ಲಿರುವ ಅದರ ಇಂಗ್ಲಿಷ್ ಅನುವಾದವನ್ನು ಓದುವಾಗ ಎರಡು ಕಡೆ ಎಡವುತ್ತೇವೆ. ಜೊತೆಗಿದ್ದ ಹುಡುಗಿಯರು ಆಭಾ ಮತ್ತು ಮನು ಎಂದು ನಾವೆಲ್ಲ ಬಲ್ಲೆವು. ಅಲ್ಲಿರುವುದು ‘ಆಭಾ’ ಮತ್ತು ‘ಸನ್ನೋ’. ಕೊಂದವನ ಹೆಸರು ನಾಥೂರಾಮ ವಿನಾಯಕ ಗೋಡ್ಸೆ. ಅಲ್ಲಿರುವುದು ‘ನಾರಾಯಣ ವಿನಾಯಕ ಗೋಡ್ಸೆ’. ಅಂದರೆ, ಸ್ವತಂತ್ರ ಭಾರತವನ್ನು ಅಲ್ಲಾಡಿಸಿದ ಕೊಲೆಯ ಮೊದಲ ಲಿಖಿತ ದಾಖಲೆಯಲ್ಲಿ ಕೊಂದವನ ಹೆಸರೂ ತಪ್ಪು, ಪಕ್ಕದಲ್ಲಿದ್ದವಳ ಹೆಸರೂ ತಪ್ಪು. ಉರ್ದು ಲಿಪಿಯಲ್ಲಿ ‘ಮನು’ ಎಂಬುದರ ಮೊದಲಕ್ಷರ ಅವಸರದ ಕೈಬರಹದಲ್ಲಿ ‘ಸ’ಕಾರದಂತೆ ಕಂಡೀತು, ಹಾಗಾಗಿ ದೋಷ ಬರೆದವನದಲ್ಲದೆ ಮುಂದೆ ಓದಿದವನದೂ ಇರಬಹುದೆಂದು ನನ್ನ ಊಹೆ. ಎರಡನೆಯದಕ್ಕೆ ಆ ಸಮಜಾಯಿಷಿ ಸಲ್ಲದು. ನಾರಾಯಣ ಎಂಬುದು ಮುಂದೆ ಎರಡನೆಯ ಆರೋಪಿಯಾದ ಆಪ್ಟೆಯ ಹೆಸರು. ಇದರಿಂದ ಏನೇನೋ ಗೂಢಾರ್ಥ ತೆಗೆಯುವವರಿದ್ದಾರೆ. ನಾನು ತೆಗೆಯುವುದಿಲ್ಲ. ಆಗಷ್ಟೇ ಯಾರಿಂದಲೋ ಕೇಳಿದ ಪರಸ್ಥಳದ ಹೆಸರನ್ನು ತತ್ತರಿಸಿಹೋದ ಮನುಷ್ಯನೊಬ್ಬ ಹೇಳಿದ, ಇನ್ನೊಬ್ಬ ಬರೆದ. ಕೊಂದವನ ಹೆಸರು ತನಗೆ ನಂತರ ತಿಳಿಯಿತು ಎಂದು ಆ ಸಾಕ್ಷಿದಾರನೇ ಹೇಳಿರುವನು. ಎಲ್ಲ ಹೆಸರುಗಳೂ ತಪ್ಪಿಲ್ಲದೆ ಇದ್ದಿದ್ದರೆ, ಇದನ್ನು ಆ ಸಂಜೆಯೇ ಬರೆದದ್ದೆಂದು ನಂಬಲು ನನಗೆ ಸ್ವಲ್ಪ ಕಷ್ಟವಾಗುತ್ತಿತ್ತು.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಪೊಲೀಸ್ ಕಾಗದಗಳ ವಿಮರ್ಶೆ ಏಕೆಂದು ವಾಚಕರು ಕೇಳಬಹುದು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳುವಾಗ ‘ಇದನ್ನು ಯಾರು ಹೇಳಿದರು, ಯಾರಿಗೆ ಹೇಳಿದರು’ ಎಂದು ಸಂದರ್ಭ ಸಹಿತ ವಿವರಿಸಲು ಪ್ರಶ್ನೆ ಕೊಟ್ಟವನು ನಾನು. ಪಠ್ಯವನ್ನು ಹಾಗೆ ಓದುವ ಅಭ್ಯಾಸ ಇದ್ದವನಿಗೆ ಈ ಮೊಕದ್ದಮೆಯ ದಾಖಲೆಗಳಿಗಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. ಕೆಂಪುಕೋಟೆಯ ವಿಶೇಷ ನ್ಯಾಯಾಲಯದಲ್ಲಿ ನ್ಯಾಯಾಧೀಶ ಆತ್ಮಾಚರಣರ ಮುಂದೆ ಸರಕಾರದ ಪರವಾಗಿ 149 ಸಾಕ್ಷಿಗಳ ವಿಚಾರಣೆ ನಡೆಯಿತು. 1949ರ ಫೆಬ್ರವರಿ 10ರಂದು ತೀರ್ಪು ಬಂತು. ಅಪೀಲು ಶಿಮ್ಲಾದಲ್ಲಿ ಮೂವರು ನ್ಯಾಯಮೂರ್ತಿಗಳ ಮುಂದೆ ನಡೆದು ಆ ವರ್ಷದ ಜೂನಿನಲ್ಲಿ ಮುಗಿಯಿತು. ಬಹಳ ವರ್ಷಗಳ ಮೇಲೆ ನ್ಯಾಯಮೂರ್ತಿ ಜೀವನಲಾಲ್ ಕಪೂರರ ಆಯೋಗ 101 ಸಾಕ್ಷಿಗಳನ್ನು ಕೇಳಿ, 407 ದಾಖಲೆಗಳನ್ನು ನೋಡಿ, 1969ರಲ್ಲಿ ವರದಿ ಕೊಟ್ಟಿತು. ಮೊಕದ್ದಮೆಯ ಮೂಲಪತ್ರಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಇಂದು ಈ ರಾಶಿಯೊಳಗಿನ ಒಂದೊಂದು ವಾಕ್ಯ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ, ಯಾರ ಮಾತು, ಯಾರ ಬರಹ ಎಂಬ ಗುರುತು ಕಳಚಿಕೊಂಡು.

ಗುರುತು ಹೇಗೆ ಕಳಚುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಾನು ಮುಖ್ಯಾಧ್ಯಾಪಕನಾಗಿದ್ದ ಕಾಲದಲ್ಲಿ ಶಾಲೆಯ ಪ್ರಯೋಗಶಾಲೆಯಿಂದ ಎರಡು ಸೂಕ್ಷ್ಮದರ್ಶಕಗಳು ಕಳುವಾದವು. ಪೊಲೀಸರು ಬಂದು ಕೇಳಿದಾಗ, ನಮ್ಮ ಸಿಪಾಯಿ ಹೇಳಿದ್ದನ್ನು ನಾನು ಹೇಳಿದೆ: “ಆ ಹುಡುಗ ಸಂಜೀಕ ಬಂದಿದ್ದನಂತ್ರೀ.” ಜಮಾದಾರರಿಗೆ ಕನ್ನಡ ತಿಳಿಯುತ್ತಿತ್ತು, ಬರೆಯುವುದು ಮರಾಠಿಯಲ್ಲಿ. ಅವರು ಬರೆದದ್ದು ‘ಆಲಾ ಹೋತಾ’, ಅಂದರೆ ‘ಬಂದಿದ್ದ’. ಮರಾಠಿಯಲ್ಲಿ ‘ಮ್ಹಣೇ’ ಎಂಬ ಮಾತು ಇಲ್ಲವೆ? ಇದೆ, ನಮ್ಮ ‘ಅಂತೆ’ಗೆ ಸರಿಸಮನಾದದ್ದೇ. ಅವಸರದಲ್ಲಿ ಬಿಟ್ಟುಹೋಯಿತು. ಓದಿ ಹೇಳಿದಾಗ ನಾನೂ ಲಕ್ಷ್ಯಗೊಡಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯಾಗಿದ್ದ ಆ ಹುಡುಗ ಎರಡು ರಾತ್ರಿ ಠಾಣೆಯಲ್ಲಿ ಕಳೆದ. ವರ್ಷದ ಮೇಲೆ ವಕೀಲರು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ, “ಗುರುಗಳೇ, ಕಣ್ಣಿಂದ ಕಂಡಿರೋ?” ಎಂದು ಕೇಳಿದಾಗ ನನ್ನ ಬಾಯಿಯ ನೀರು ಆರಿತು. ಅವನ ತಾಯಿ ಇಂದಿಗೂ ನನ್ನನ್ನು ಕಂಡರೆ ಸೆರಗು ಸರಿಪಡಿಸಿಕೊಂಡು ಬೇರೆ ದಾರಿ ಹಿಡಿಯುತ್ತಾಳೆ.

ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಕಾನೂನು ಬಹಳ ಬೆಲೆ ಕೊಡದಿರುವುದು ಇದಕ್ಕಾಗಿಯೇ ಇರಬೇಕು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 161ನೆಯ ಕಲಮಿನಂತೆ ಪೊಲೀಸರು ಹೇಳಿಕೆ ಬರೆದುಕೊಳ್ಳಬಹುದು. 162ರಂತೆ ಅದಕ್ಕೆ ಹೇಳಿದವನ ಸಹಿ ಹಾಕಿಸಿಕೊಳ್ಳುವಂತಿಲ್ಲ, ಮುಖ್ಯವಾಗಿ ಆ ಸಾಕ್ಷಿಯ ಮಾತಿನಲ್ಲಿ ವಿರೋಧವಿದ್ದರೆ ತೋರಿಸುವುದಕ್ಕೆ ಮಾತ್ರ ಅದು ಉಪಯೋಗ. ಅದು ಸಾಕ್ಷಿಯ ಧ್ವನಿಯೆಂದು ತಿಳಿದು ಓದತಕ್ಕದ್ದಲ್ಲ. ಕೇಳಿದವನು ತನಗೆ ಬೇಕಾದದ್ದನ್ನು ತನ್ನ ಭಾಷೆಯಲ್ಲಿ ಕಟ್ಟಿಕೊಂಡ ಗಂಟು ಅದು.

ಈಗ ಜನವರಿ 20ಕ್ಕೆ ಬರೋಣ. ಅಂದು ಬಿರ್ಲಾ ಭವನದ ಗೋಡೆಯ ಬಳಿ ಸ್ಫೋಟಕ ಸಿಡಿಯಿತು, ಮದನಲಾಲ್ ಪಾಹ್ವಾ ಸಿಕ್ಕಿಬಿದ್ದ. ಆ ರಾತ್ರಿಯಿಂದಲೇ ಅವನು ಮಾತನಾಡತೊಡಗಿದ. ಅವನು ಪಂಜಾಬಿನಿಂದ ಬಂದ ನಿರಾಶ್ರಿತ, ಅವನ ಜೊತೆಗಾರರು ಮರಾಠಿಗರು, ಬರೆದುಕೊಂಡವರು ದೆಹಲಿಯ ಪೊಲೀಸರು. ಅಹಮದನಗರದಲ್ಲಿ ವಸತಿಗೃಹ ನಡೆಸುತ್ತಿದ್ದ ಕರಕರೆ ಎಂಬವನ ಹೆಸರು ಅವರ ಕಾಗದದಲ್ಲಿ ‘ಕಿರ್ಕ್ರಿ’ ಆಯಿತು. ಇನ್ನೊಬ್ಬ ಒಂದು ಮರಾಠಿ ಪತ್ರಿಕೆಯ ಸಂಪಾದಕ ಎಂಬ ಸುಳಿವೂ ಅವನ ಮಾತಿನಲ್ಲಿತ್ತು. ಪುಣೆಯ ಪತ್ರಿಕೆ ‘ಅಗ್ರಣಿ’, ಅದೇ ಮುಂದೆ ‘ಹಿಂದೂ ರಾಷ್ಟ್ರ’. ಸಂಪಾದಕ ಗೋಡ್ಸೆ, ಮಾಲಿಕ ಆಪ್ಟೆ. ಬೊಂಬಾಯಿ ಸರಕಾರದ ಪತ್ರಿಕೆಗಳ ಪಟ್ಟಿಯಲ್ಲಿ ಇದೆಲ್ಲ ಅಚ್ಚಾಗಿತ್ತು. ಅವರಿಬ್ಬರೂ ದೇಶಪಾಂಡೆ ಎಂಬ ಸುಳ್ಳು ಹೆಸರಿನಲ್ಲಿ ಇಳಿದುಕೊಂಡಿದ್ದ ಮರೀನಾ ಹೋಟೆಲಿನ 40ನೆಯ ಕೋಣೆಯ ಬಟ್ಟೆಗಳ ಮೇಲೆ ‘ಎನ್.ವಿ.ಜಿ.’ ಎಂಬ ಗುರುತು ಸಹ ದೊರೆತಿತ್ತು. ಅರ್ಧ ಹೆಸರು, ಊರು, ಉದ್ಯೋಗ, ಬಟ್ಟೆಯ ಗುರುತು ಇವಿಷ್ಟೂ ಕೈಯಲ್ಲಿದ್ದು ಹತ್ತು ದಿನ ಕಳೆದವು.

ಹೇಗೆ ಕಳೆದವೆಂಬುದೇ ಕಪೂರ್ ವರದಿಯ ತಿರುಳು. 21ರಂದು ದೆಹಲಿಯ ಇಬ್ಬರು ಪೊಲೀಸ್ ಅಧಿಕಾರಿಗಳು ವಿಮಾನದಲ್ಲಿ ಬೊಂಬಾಯಿಗೆ ಹೋದರು. ಅಲ್ಲಿಯ ಡೆಪ್ಯುಟಿ ಕಮಿಷನರ್ ನಗರವಾಲಾ ಅವರಿಗೆ ಸಂಪಾದಕನ ವಿಷಯ ಹೇಳಿದೆವು ಎಂದು ಅವರ ವಾದ. ಹೇಳಲಿಲ್ಲ ಎಂದು ನಗರವಾಲಾ ಅವರ ವಾದ. ಇಪ್ಪತ್ತು ವರ್ಷದ ನಂತರವೂ ಎರಡು ಕಡೆಯವರೂ ಪಟ್ಟು ಸಡಿಲಿಸಲಿಲ್ಲ. ಮದನಲಾಲನ ಉದ್ದನೆಯ ಹೇಳಿಕೆಯ ಪ್ರತಿಯನ್ನು ಹಿಡಿದುಕೊಂಡ ಪುಣೆಯ ಹಿರಿಯ ಅಧಿಕಾರಿ ರಾಣಾ, ವಿಮಾನ ಬಿಟ್ಟು ರೈಲಿನಲ್ಲಿ, ಅದೂ ಅಲಹಾಬಾದಿನ ಸುತ್ತುದಾರಿಯಲ್ಲಿ, ಬೊಂಬಾಯಿ ಮುಟ್ಟಿದ್ದು 27ಕ್ಕೆ. ಕಾಗದ ಪ್ರಯಾಣ ಮಾಡುತ್ತಿತ್ತು, ಕೊಲೆಗಾರರೂ ಪ್ರಯಾಣ ಮಾಡುತ್ತಿದ್ದರು. ಆ 20ರಿಂದ 30ರವರೆಗಿನ ತನಿಖೆಯ ಶಿಥಿಲತೆಯನ್ನು ಆತ್ಮಾಚರಣರೇ ತೀರ್ಪಿನಲ್ಲಿ ಎತ್ತಿ ಹೇಳಿ, ಸರಕಾರದ ಗಮನಕ್ಕೆ ತಂದಿದ್ದಾರೆ.

ಇನ್ನೊಂದು ದಾರಿಯಿಂದಲೂ ಸುದ್ದಿ ಬಂದಿತ್ತು. ಬೊಂಬಾಯಿಯ ರುಯಿಯಾ ಕಾಲೇಜಿನ ಪ್ರಾಧ್ಯಾಪಕ ಜಗದೀಶಚಂದ್ರ ಜೈನ್ ಅವರ ಬಳಿ ಮದನಲಾಲನು ಮೊದಲೇ ಈ ಸಂಚಿನ ಬಗ್ಗೆ ಬಾಯಿಬಿಟ್ಟಿದ್ದ. ಅವರು ಅದನ್ನು ಹುಡುಗನ ಜಂಬವೆಂದುಕೊಂಡರು. ಸ್ಫೋಟದ ಸುದ್ದಿ ಓದಿ ಗಾಬರಿಯಾಗಿ 21ರಂದು ಮುಖ್ಯಮಂತ್ರಿ ಖೇರ್ ಮತ್ತು ಗೃಹಮಂತ್ರಿ ಮೊರಾರ್ಜಿ ದೇಸಾಯಿ ಅವರಿಗೆ ತಿಳಿಸಿದರು. ದೇಸಾಯಿಯವರು ಅಂದೇ ಸಂಜೆ ಬೊಂಬಾಯಿ ಸೆಂಟ್ರಲ್ ನಿಲ್ದಾಣದಲ್ಲಿ ನಗರವಾಲಾ ಅವರಿಗೆ ಹೇಳಿದರು, ಹೇಳಿದವರು ಯಾರೆಂಬುದನ್ನು ಬಿಟ್ಟು. ಇಲ್ಲಿ ‘ಕರಕರೆ’ ಎಂಬ ಹೆಸರು ಸರಿಯಾಗಿಯೇ ಇತ್ತು. ಆದರೆ ಪೊಲೀಸ್ ಅಧಿಕಾರಿಗೆ ದಕ್ಕಿದ್ದು ಬರಿಯ ‘ಅಂತೆ’, ಅದನ್ನು ಅಂದವರಿಲ್ಲದ ‘ಅಂತೆ’. ಮರಳಿ ಹೋಗಿ ಇನ್ನೂ ಏನು ಗೊತ್ತು ಎಂದು ಕೇಳಲು ಆಸಾಮಿಯೇ ಇಲ್ಲ. ಕೊನೆಗೆ ನಗರವಾಲಾ ಅವರು ಇದು ಗಾಂಧೀಜಿಯವರನ್ನು ಅಪಹರಿಸುವ ಸಂಚೆಂದು ನಂಬಿ ಬೇರೆ ದಿಕ್ಕಿನಲ್ಲಿ ಬಲೆ ಬೀಸಿದರು. ನನ್ನ ಕತೆಯಲ್ಲಿ ‘ಅಂತೆ’ ಬಿದ್ದುಹೋಗಿ ಕೇಡಾಯಿತು. ಇಲ್ಲಿ ‘ಅಂತೆ’ ಮಾತ್ರ ಉಳಿದು ಅದರ ಬೇರು ಕಡಿದುಹೋದದ್ದರಿಂದ ಕೇಡಾಯಿತು. ಪ್ರಾಧ್ಯಾಪಕ ಜೈನ್ ಮತ್ತು ದೇಸಾಯಿಯವರ ಹೇಳಿಕೆಗಳನ್ನು ಒಂದರ ಪಕ್ಕ ಒಂದಿಟ್ಟರೆ, ಆ ಭೇಟಿಯಲ್ಲಿ ಎಷ್ಟು ಹೇಳಲಾಯಿತು ಎಂಬ ವಿಷಯದಲ್ಲಿಯೂ ತಾಳೆಯಿಲ್ಲ. ಇಬ್ಬರೂ ಸತ್ಯವಂತರೇ ಇರಬಹುದು. ಹೇಳಿದವನು ಹೇಳಿದಷ್ಟನ್ನೂ ಕೇಳಿದವನು ಕೇಳಿರುವುದಿಲ್ಲ.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಒಬ್ಬ ಆರೋಪಿಯಿದ್ದಾನೆ, ಶಂಕರ ಕಿಸ್ತಯ್ಯ. ಆರೋಪಪತ್ರದಲ್ಲಿ ಅವನ ಊರು ಸೊಲ್ಲಾಪುರ. ಪುಣೆಯ ಆಯುಧ ವ್ಯಾಪಾರಿ ದಿಗಂಬರ ಬಡಗೆಯ ಮನೆಯಾಳು. ಧಣಿ ಹೊರು ಎಂದದ್ದನ್ನು ಹೊತ್ತ, ಹೂಳು ಎಂದದ್ದನ್ನು ಹೂಳಿದ. ಧಣಿ ಮಾಫಿ ಸಾಕ್ಷಿಯಾಗಿ ಕ್ಷಮೆ ಪಡೆದ, ಆಳು ಆರೋಪಿಯಾಗಿ ಉಳಿದ. ಕೆಂಪುಕೋಟೆಯಲ್ಲಿ ಸಾಕ್ಷ್ಯವೆಲ್ಲ ಇಂಗ್ಲಿಷಿನಲ್ಲಿ ದಾಖಲಾಗುತ್ತಿತ್ತು. ಹಿಂದೂಸ್ತಾನಿ, ಮರಾಠಿ, ತೆಲುಗು ಭಾಷೆಗಳಿಗೆ ದುಭಾಷಿಗಳಿದ್ದರು. ಆ ತೆಲುಗು ಇವನ ಸಲುವಾಗಿ. ಸೊಲ್ಲಾಪುರದ ಗಿರಣಿ ಮಗ್ಗಗಳ ಓಣಿಗಳಲ್ಲಿ ಅಡ್ಡಾಡಿದವರಿಗೆ ಇಂಥ ಹುಡುಗರು ಗೊತ್ತು: ಮನೆಯಲ್ಲಿ ತೆಲುಗು, ಬೀದಿಯಲ್ಲಿ ಮುರುಕು ಮರಾಠಿ, ಪೇಟೆಯಲ್ಲಿ ನಾಲ್ಕು ಕನ್ನಡ ಮಾತು, ಓದುಬರಹ ಯಾವುದರಲ್ಲಿಯೂ ಇಲ್ಲ. ದೇಶದ ಅತಿ ದೊಡ್ಡ ಮೊಕದ್ದಮೆ ತಿಂಗಳುಗಟ್ಟಲೆ ಅವನ ತಲೆಯ ಮೇಲೆಯೇ ಹಾದುಹೋಯಿತು, ದುಭಾಷಿ ಕಿವಿಯಲ್ಲಿ ಹೇಳಿದಷ್ಟೇ ಅವನ ಪಾಲು. ಆತ್ಮಾಚರಣರು ಅವನಿಗೆ ಜೀವಾವಧಿ ವಿಧಿಸಿ, ಏಳು ವರ್ಷಕ್ಕೆ ಇಳಿಸಬಹುದೆಂದು ಶಿಫಾರಸು ಬರೆದರು. ಶಿಮ್ಲಾದಲ್ಲಿ ಬಿಡುಗಡೆಯಾಯಿತು. ಅವನು ಧಣಿಯ ಅಪ್ಪಣೆ ಪಾಲಿಸಿದವನಷ್ಟೇ, ಸಂಚಿನ ಅರಿವಿದ್ದವನೆಂದು ಸಿದ್ಧವಾಗಲಿಲ್ಲ. ಈ ಮೊಕದ್ದಮೆಯ ಬಗ್ಗೆ ಬಂದ ಗ್ರಂಥಗಳಲ್ಲಿ ಗೋಡ್ಸೆಯ ಭಾಷಣಕ್ಕೆ ಪುಟಗಟ್ಟಲೆ ಜಾಗವಿದೆ. ಕಿಸ್ತಯ್ಯನಿಗೆ ಸಿಕ್ಕುವುದು ಕೆಲವು ಸಾಲು. ಮಾತು ಬಲ್ಲವನ ಹೇಳಿಕೆ ಸಾಹಿತ್ಯವಾಗುತ್ತದೆ, ಮಾತು ಬಾರದವನದು ಅಡಿಟಿಪ್ಪಣಿಯಾಗುತ್ತದೆ. ಗಡಿಯಲ್ಲಿ ಬದುಕುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಪೂರ್ ವರದಿಯನ್ನು ಒಂದು ಕೃತಿಯಾಗಿ ನೋಡಿದರೆ ಓದುವುದು ಶ್ರಮದ ಕೆಲಸ. ಅದೇ ಘಟನೆ ಒಬ್ಬೊಬ್ಬ ಸಾಕ್ಷಿಯ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅಧ್ಯಾಯದ ಅಂಕಿ, ಪರಿಚ್ಛೇದದ ಅಂಕಿ ಹಾಕಿಕೊಂಡು ಎತ್ತಿನಗಾಡಿಯಂತೆ ಸಾಗುತ್ತದೆ. ನಾನು ಎರಡು ಸಲ ಕೆಳಗಿಟ್ಟು ಮೂರನೆಯ ಸಲ ಮುಗಿಸಿದೆ. ಆದರೆ ಈ ಬೇಸರವೇ ಅದರ ಯೋಗ್ಯತೆ. ಯಾರ ಮಾತನ್ನೂ ಇನ್ನೊಬ್ಬರ ಮಾತಿನಲ್ಲಿ ಕರಗಿಸದೆ, ಇಂಥವನು ಹೀಗೆಂದ, ಇಂಥವನು ಅಲ್ಲವೆಂದ ಎಂದು ಬೇರೆ ಬೇರೆಯಾಗಿಯೇ ಉಳಿಸಿಕೊಳ್ಳುತ್ತದೆ. ‘ಅಂತೆ’ಯನ್ನು ಅಷ್ಟು ಜತನದಿಂದ ಕಾಯ್ದ ಬರಹ ಅಪರೂಪ. ದೋಷವೂ ಇದೆ. 1964ರ ನವೆಂಬರಿನಲ್ಲಿ, ಸೆರೆಯಿಂದ ಬಿಡುಗಡೆಯಾದವರ ಸನ್ಮಾನಕ್ಕೆಂದು ಪುಣೆಯಲ್ಲಿ ನಡೆದ ಸಮಾರಂಭದಲ್ಲಿ ಟಿಳಕರ ಮೊಮ್ಮಗ ಗ.ವಿ. ಕೇತಕರರು ತಮಗೆ ಮೊದಲೇ ತಿಳಿದಿತ್ತು ಎಂದು ಆಡಿದ ಮಾತಿನಿಂದ ಹುಟ್ಟಿದ ಗದ್ದಲದ ಫಲ ಈ ಆಯೋಗ. ಬೊಂಬಾಯಿ, ದೆಹಲಿ, ಪುಣೆ, ನಾಗಪುರಗಳಲ್ಲಿ ಕುಳಿತಂತೆ ನಮ್ಮ ಧಾರವಾಡದಲ್ಲಿಯೂ ಕುಳಿತು ಅದು ಸಾಕ್ಷ್ಯ ಪಡೆಯಿತು. ಬಂದವರು ಇಪ್ಪತ್ತು ವರ್ಷದ ಹಿಂದಿನದನ್ನು ನೆನೆಯಬೇಕಾಗಿತ್ತು. ಮುಂದೇನಾಯಿತೆಂದು ಬಲ್ಲ ನ್ಯಾಯಮೂರ್ತಿಗಳು, ಅದನ್ನು ಅರಿಯದೆ ಕೆಲಸ ಮಾಡಿದವರನ್ನು ಕೆಲವೆಡೆ ಕಠಿಣವಾಗಿ ತೂಗಿದ್ದಾರೆ. ಉತ್ತರಪತ್ರಿಕೆ ತಿದ್ದುವಾಗ ನಾನೂ ಹಾಗೆ ಮಾಡಿದ್ದುಂಟು.

ಸಾವರಕರರ ವಿಷಯದಲ್ಲಿ ಎರಡು ಪಕ್ಷದವರೂ ಈ ಕಾಗದಗಳನ್ನು ಹರಿದು ಓದುತ್ತಾರೆ. ಬಡಗೆಯ ಸಾಕ್ಷ್ಯಕ್ಕೆ ಸ್ವತಂತ್ರ ಪುಷ್ಟಿಯಿಲ್ಲವೆಂದು ಆತ್ಮಾಚರಣರು ಅವರನ್ನು ಬಿಡುಗಡೆ ಮಾಡಿದರು. ಅವರ ಅಂಗರಕ್ಷಕ ಕಾಸಾರ ಮತ್ತು ಕಾರ್ಯದರ್ಶಿ ದಾಮ್ಲೆ 1948ರ ಮಾರ್ಚಿನಲ್ಲಿ ಬೊಂಬಾಯಿ ಪೊಲೀಸರಿಗೆ ಕೊಟ್ಟ ಹೇಳಿಕೆಗಳು ಆ ನ್ಯಾಯಾಲಯದ ಮುಂದೆ ಬರಲೇ ಇಲ್ಲ. ಕಪೂರರು ಅವನ್ನು ನೋಡಿದರು. ಎಲ್ಲವನ್ನೂ ಒಟ್ಟುಗೂಡಿಸಿದರೆ ಸಾವರಕರ ಮತ್ತು ಅವರ ಗುಂಪಿನ ಸಂಚು ಎಂಬುದನ್ನು ಬಿಟ್ಟು ಬೇರೆ ತರ್ಕ ನಿಲ್ಲದೆಂಬ ಅರ್ಥದ ಒಂದು ಮಾತು ಬರೆದರು. ಒಬ್ಬರು ಬಿಡುಗಡೆಯ ತೀರ್ಪನ್ನಷ್ಟೇ ಎತ್ತಿ ತೋರಿಸುತ್ತಾರೆ, ಇನ್ನೊಬ್ಬರು ಕಪೂರರ ಆ ಒಂದು ಪರಿಚ್ಛೇದವನ್ನಷ್ಟೇ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಆ ಇಬ್ಬರನ್ನು ಕೆಂಪುಕೋಟೆಯ ಕಟಕಟೆಗೆ ಕರೆಯದೆ ಹೋದದ್ದು ಮೊಕದ್ದಮೆಯ ದೊಡ್ಡ ಲೋಪ. ಕರೆದಿದ್ದರೆ ಪಾಟೀಸವಾಲಿನಲ್ಲಿ ಆ ಹೇಳಿಕೆ ನಿಲ್ಲುತ್ತಿತ್ತೋ ಬೀಳುತ್ತಿತ್ತೋ ಆಗಲೇ ಗೊತ್ತಾಗುತ್ತಿತ್ತು. ಅಲ್ಲಿ ಪಾಟೀಸವಾಲಿಗೆ ಒಳಗಾಗದ ಪೊಲೀಸ್ ಹೇಳಿಕೆಯ ಮೇಲೆ ನಿಂತ ಮಾತು ಎಷ್ಟು ಭಾರ ಹೊರಬಲ್ಲದು ಎಂಬ ಪ್ರಶ್ನೆಯೂ ಹಾಗೆಯೇ ಉಳಿಯುತ್ತದೆ.

ಇನ್ನು ಈ ದಾಖಲೆಗಳಿಂದ ಹುಟ್ಟಿದ ಎರಡು ಜನಪ್ರಿಯ ಪುಸ್ತಕಗಳು. ಅಪೀಲು ಕೇಳಿದ ಮೂವರಲ್ಲಿ ಒಬ್ಬರಾದ ಜಿ.ಡಿ. ಖೋಸ್ಲಾ ಅವರು ನಿವೃತ್ತಿಯ ನಂತರ ಬರೆದ ‘ದಿ ಮರ್ಡರ್ ಆಫ್ ದಿ ಮಹಾತ್ಮ’ ಸೊಗಸಾದ ಗದ್ಯ. ಗೋಡ್ಸೆ ನ್ಯಾಯಾಲಯದಲ್ಲಿ ಮಾತನಾಡಿದಾಗ ನೆರೆದವರು ಕಣ್ಣೀರಿಟ್ಟರೆಂದೂ, ತೀರ್ಪು ಅವರ ಕೈಯಲ್ಲಿದ್ದಿದ್ದರೆ ಅವನು ಬಿಡುಗಡೆಯಾಗುತ್ತಿದ್ದನೆಂದೂ ಅದರಲ್ಲಿ ಬರೆದಿದ್ದಾರೆ. ಆ ಮಾತು ಇಂದು ‘ನ್ಯಾಯಾಧೀಶರೇ ಹೇಳಿದ್ದಾರೆ’ ಎಂಬ ತಲೆಬರಹದೊಂದಿಗೆ ಓಡಾಡುತ್ತಿದೆ. ಅದು ತೀರ್ಪಿನ ಮಾತಲ್ಲ, ಅನೇಕ ವರ್ಷಗಳ ಮೇಲೆ ಲೇಖಕರೊಬ್ಬರು ಮಾಡಿಕೊಂಡ ನೆನಪು. ತೀರ್ಪಿನಲ್ಲಿ ಅದೇ ಖೋಸ್ಲಾ ಅವರು ಗಲ್ಲುಶಿಕ್ಷೆಯನ್ನು ಎತ್ತಿಹಿಡಿದವರು. ಮನೋಹರ ಮಳಗಾಂವಕರರು ನಮ್ಮ ಜೋಯಿಡಾ ತಾಲೂಕಿನ ಜಗಲಬೇಟದ ಕಾಡಿನಲ್ಲಿ ಮನೆ ಮಾಡಿಕೊಂಡಿದ್ದ ಕಾದಂಬರಿಕಾರರು. ಅವರ ‘ದಿ ಮೆನ್ ಹೂ ಕಿಲ್ಡ್ ಗಾಂಧಿ’ ಕೈಬಿಡದೆ ಓದಿಸಿಕೊಳ್ಳುತ್ತದೆ, ನನ್ನ ತಕರಾರೂ ಅದೇ. ಪೊಲೀಸ್ ಕಾಗದದಿಂದ ಬಂದದ್ದು ಯಾವುದು, ಸೆರೆಯಿಂದ ಹೊರಬಂದವರು ಬಾಯಿಮಾತಿನಲ್ಲಿ ಹೇಳಿದ್ದು ಯಾವುದು ಎಂಬ ಹೊಲಿಗೆ ಕಾಣದಂತೆ ಅವರು ಕತೆ ನೇಯ್ದಿದ್ದಾರೆ. ಕಾದಂಬರಿಗೆ ಅದು ಗುಣ.

ಕೊನೆಯದಾಗಿ ಗಾಂಧೀಜಿಯ ಕೊನೆಯ ಮಾತು. ರಾಜಘಾಟದ ಕಲ್ಲಿನ ಮೇಲೆ ‘ಹೇ ರಾಮ್’ ಎಂದಿದೆ. ಮನು ಅವರು ಬರೆದಿರುವುದೂ ಅದನ್ನೇ. ತುಘಲಕ್ ರಸ್ತೆಯ ವರದಿಯಲ್ಲಿ ‘ರಾಮ್ ರಾಮ್’ ಎಂದಿದೆ. ಹಿಂದೆಯೇ ನಡೆಯುತ್ತಿದ್ದ ಕಾರ್ಯದರ್ಶಿ ಕಲ್ಯಾಣಂ ಅವರು ಗಾಂಧೀಜಿ ‘ಹೇ ರಾಮ್’ ಅನ್ನಲೇ ಇಲ್ಲವೆಂದು ಹೇಳಿದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ಇಳಿವಯಸ್ಸಿನಲ್ಲಿ, 2018ರಲ್ಲಿ, ಅವರು ತಿದ್ದಿದರು: ಅನ್ನಲಿಲ್ಲವೆಂದು ತಾನು ಹೇಳಿಲ್ಲ, ತನಗೆ ಕೇಳಿಸಲಿಲ್ಲವೆಂದು ಹೇಳಿದ್ದು. ‘ಅನ್ನಲಿಲ್ಲ’, ‘ಕೇಳಿಸಲಿಲ್ಲ’ ಈ ಎರಡರ ನಡುವಿನ ದೂರವನ್ನು ಅಳೆಯಲು ಒಬ್ಬ ವೃದ್ಧರಿಗೆ ಅಷ್ಟು ವರ್ಷ ಬೇಕಾದವು, ಅದೂ ಅವರು ತಮ್ಮ ಮಾತನ್ನು ತಾವೇ ತಿದ್ದಲು ಬದುಕಿದ್ದರಿಂದ. ಮೆಹ್ತಾ ಅವರ ಹೇಳಿಕೆಯನ್ನು ಯಾರೂ ತಿದ್ದಿಲ್ಲ. ಆ ಹಾಳೆಯಲ್ಲಿ ಮನು ಇನ್ನೂ ‘ಸನ್ನೋ’ ಆಗಿಯೇ ಓದಿಸಿಕೊಳ್ಳುತ್ತಾಳೆ, ಬಾಪುವಿನ ಕೈ ಅವಳ ಹೆಗಲ ಮೇಲೆಯೇ ಇದೆ.